ಒಂಚೂರು ತಿಂದ್ರೆ ಎಂತ ಆಗ್ತದೆ?

ಚೌತಿ ದಿನ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಉಪಚಾರದ್ದು. ಬಿಸಿ ಎಣ್ಣೆ, ಒದ್ದೆ ನೆಲ, ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿ, ಇವನ್ನೆಲ್ಲ ಹೇಗೋ ನೋಡಿಕೊಳ್ಳಬಹುದು. ಆದರೆ ಊರಿಂದ ಬಂದ ದೊಡ್ಡಮ್ಮ "ಪಾಪ, ಹಬ್ಬದ ದಿನ, ಒಂಚೂರು ತಿಂದ್ರೆ ಎಂತ ಆಗ್ತದೆ" ಅಂತ ಪಂಚಕಜ್ಜಾಯ ಹಿಡಿದು ಅಮ್ಮನ ಬಾಯಿಯ ಹತ್ತಿರ ಕೈ ತಂದರೆ, ಆ ಕೈಯನ್ನು ತಡೆಯುವುದು ಹೇಗೆ? ಬೈಯುವ ಹಾಗಿಲ್ಲ. ಅವರದು ಪ್ರೀತಿಯೇ. ನಮ್ಮ ಕಡೆ ಬಡಿಸುವುದೆಂದರೆ ಒತ್ತಾಯ ಮಾಡಿ ಬಡಿಸುವುದು. ಬೇಡ ಅಂದವರ ಎಲೆಗೆ ಇನ್ನೆರಡು ಬೀಳುತ್ತದೆ.

ಎಂತ ಆಗ್ತದೆ ಅಂತ ಹೇಳಿಯೇ ಬಿಡುತ್ತೇನೆ. ಅಮ್ಮನಿಗೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿತ್ತು. ಎಡಗೈ, ಎಡಗಾಲಿಗೆ ಬಲ ಇಲ್ಲ. ಮಾತು ಸ್ವಲ್ಪ ತೊದಲುತ್ತದೆ, ಆದರೆ ತಲೆ ಚುರುಕು, ಬೈಗುಳಕ್ಕೇನೂ ಬರಗಾಲ ಇಲ್ಲ. ದೊಡ್ಡ ಪೆಟ್ಟು ಬಿದ್ದದ್ದು ನುಂಗುವುದಕ್ಕೆ. ನಾವು ನುಂಗುವಾಗ ಶ್ವಾಸನಾಳದ ದಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅಮ್ಮನಿಗೆ ಅದು ಸ್ವಲ್ಪ ತಡವಾಗಿ ಮುಚ್ಚುತ್ತದೆ. ಅಷ್ಟರೊಳಗೆ ನೀರೋ ಪುಡಿಯೋ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕೆಮ್ಮು ಬಂದರೆ ಪುಣ್ಯ, ಗೊತ್ತಾಗುತ್ತದೆ. ಎಷ್ಟೋ ಸಲ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಇಳಿದಿರುತ್ತದೆ, ಆಮೇಲೆ ಜ್ವರ ಬಂದಾಗಲೇ ತಿಳಿಯುವುದು.

ಪಂಚಕಜ್ಜಾಯ ನೋಡಿ. ಹುರಿದ ಬೇಳೆಯ ಪುಡಿ, ಬೆಲ್ಲ, ಎಳ್ಳು, ಕೊಬ್ಬರಿ, ಕೆಲವರ ಮನೆಯಲ್ಲಿ ಅರಳು. ಒಣಗಿದ್ದು, ಪುಡಿಪುಡಿ, ಬಾಯಿಗೆ ಹಾಕಿದ ಕೂಡಲೇ ಚದುರುತ್ತದೆ. ಅಮ್ಮನಿಗೆ ಇದಕ್ಕಿಂತ ಅಪಾಯದ ತಿನಿಸು ಹುಡುಕಿದರೂ ಸಿಗುವುದು ಕಷ್ಟ. ಮತ್ತು ಅದೇ ಪ್ರಸಾದ! ಪ್ರಸಾದ ಬೇಡ ಅನ್ನಲು ಅಮ್ಮನೇ ಒಪ್ಪುವುದಿಲ್ಲ. ಡಾಕ್ಟರು ಹೇಳಿದ್ದಾರೆ ಅಂದರೆ "ಡಾಕ್ಟರಿಗಿಂತ ಗಣಪತಿ ದೊಡ್ಡವ" ಅನ್ನುತ್ತಾಳೆ.

ಹಾಗಾಗಿ ನಾನು ಗಣಪತಿಯ ಮುಂದೆಯೇ ಬದಲಾವಣೆ ಮಾಡಿದೆ. ಪಂಚಕಜ್ಜಾಯದ ಪಕ್ಕದಲ್ಲಿ ಅಮ್ಮನದೇ ಹಳೆಯ ಬೆಳ್ಳಿ ಬಟ್ಟಲಲ್ಲಿ ಬಾಳೆಹಣ್ಣಿನ ರಸಾಯನ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ದಪ್ಪ ಕಾಯಿಹಾಲು, ಬೆಲ್ಲ, ಚಿಟಿಕೆ ಏಲಕ್ಕಿ. ಎರಡಕ್ಕೂ ಒಟ್ಟಿಗೇ ನೈವೇದ್ಯ. ಯಾರಾದರೂ "ಪ್ರಸಾದ ಕೊಟ್ರಾ ಅಮ್ಮನಿಗೆ" ಅಂತ ಕೇಳಿದರೆ ಕೊಟ್ಟೆವು ಅನ್ನಬಹುದು, ಅದು ಸುಳ್ಳಲ್ಲ. ದೊಡ್ಡಮ್ಮನಿಗೆ ಆ ಬಟ್ಟಲು ತೋರಿಸಿ "ಇದರಿಂದ ನೀವೇ ಮೊದಲ ಚಮಚ ಕೊಡಿ, ನಾನು ಪಕ್ಕದಲ್ಲೇ ಇರ್ತೇನೆ" ಅಂದೆ. ಕೊಡುವ ಆಸೆ ಇರುವವರ ಕೈಗೆ ಕೊಡಬಹುದಾದ್ದನ್ನೇ ಇಟ್ಟುಬಿಡಬೇಕು. ಬರೀ ಬೇಡ ಬೇಡ ಅಂದರೆ ನಾವು ಆ ಕಡೆ ತಿರುಗಿದಾಗ ಕೊಡುತ್ತಾರೆ.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ಹೆಂಡತಿಯದು ಫೋರ್ಟ್ ಕಡೆ ಆಫೀಸು, ಬೆಳಗಿನ ಲೋಕಲ್ ಹಿಡಿಯುತ್ತಾಳೆ. ನನ್ನದು ಮನೆಯಿಂದಲೇ ಕೆಲಸ. ಹಾಗಾಗಿ ಹಗಲು ಅಮ್ಮನ ಊಟ, ಸ್ನಾನ, ಮಾತ್ರೆ ಎಲ್ಲ ನನ್ನ ಪಾಲು. ಗಂಡಸು ನೋಡಿಕೊಳ್ಳುತ್ತಾನೆ ಅಂದರೆ ಕೆಲವರಿಗೆ ಇನ್ನೂ ಆಶ್ಚರ್ಯ. ಇರಲಿ.

ಸ್ಟ್ರೋಕ್ ಆದ ಮೇಲಿನ ಮೊದಲ ಹಬ್ಬಕ್ಕೆ ನೆಂಟರು ಕೊಟ್ಟ ಸಲಹೆ ಒಂದೇ. "ಅವರಿಗೆ ಗಂಜಿ ಮಾಡಿಕೊಡು, ನಾವು ಹೇಗೂ ಹೊಂದಿಕೊಳ್ತೇವೆ." ಇದರಲ್ಲಿ ಎರಡು ತಪ್ಪಿದೆ. ಒಂದು, ಹಬ್ಬದ ದಿನ ಮನೆಯ ಹಿರಿಯವಳು ಒಳಕೋಣೆಯಲ್ಲಿ ಗಂಜಿ ಕುಡಿಯುವುದು, ನಾವು ಹೊರಗೆ ಕಡುಬು ತಿನ್ನುವುದು ನನಗೆ ಆಗದ ಮಾತು. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ: ನುಂಗಲು ಕಷ್ಟ ಇರುವವರಿಗೆ ಗಂಜಿಯೇ ಅಪಾಯ. ತೆಳು ತಿಳಿ ಬೇರೆ, ಅಗುಳು ಬೇರೆ. ಬಾಯಲ್ಲಿ ಅಗುಳನ್ನು ಸಂಭಾಳಿಸುವಷ್ಟರಲ್ಲಿ ತಿಳಿ ಗಂಟಲಿಗೆ ಜಾರಿಬಿಡುತ್ತದೆ. ಸಾರನ್ನವೂ ಹಾಗೇ. ಶಾವಿಗೆ ಪಾಯಸವೂ ಹಾಗೇ. ಮಜ್ಜಿಗೆ ಅನ್ನವೂ ಹಾಗೇ. ರೋಗಿಗೆ ಹಗುರ ಅಂತ ನಾವು ತಲೆತಲಾಂತರದಿಂದ ಕೊಟ್ಟುಕೊಂಡು ಬಂದದ್ದರಲ್ಲಿ ಅರ್ಧ ಇದೇ ಜಾತಿಯದು. ಗಂಜಿಯನ್ನು ರುಬ್ಬಿ, ದಪ್ಪ ಮಾಡಿ ಕೊಟ್ಟರೆ ಅದು ಬೇರೆ ಮಾತು.

ಇದನ್ನೆಲ್ಲ ಹೇಳಿಕೊಟ್ಟವರು ಸ್ಪೀಚ್ ಥೆರಪಿಸ್ಟ್. ಹೆಸರು ಕೇಳಿ ನಾನು ಬರೀ ಮಾತು ಕಲಿಸುವವರು ಅಂದುಕೊಂಡಿದ್ದೆ. ನುಂಗುವುದನ್ನು ಪರೀಕ್ಷೆ ಮಾಡಿ, ಯಾವ ಹದದ ಊಟ ಆಗಬಹುದು ಅಂತ ಹೇಳುವುದೂ ಅವರೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಊಟದ ನಡುವೆ ಪದೇ ಪದೇ ಕೆಮ್ಮು ಬಂದರೆ, ಊಟ ಆದ ಮೇಲೆ ದನಿ ಒದ್ದೆಯಾಗಿ ಗುಳುಗುಳು ಅಂದರೆ, ಮೊದಲು ಅವರಿಗೆ ತೋರಿಸಿ. ನಾನಿಲ್ಲಿ ಬರೆಯುವ ಹದ ನನ್ನ ಅಮ್ಮನದು, ನಿಮ್ಮವರದು ಬೇರೆ ಇರುತ್ತದೆ.

ಹದಕ್ಕೆ ಈಗ ಐಡಿಡಿಎಸ್‌ಐ ಅಂತ ಒಂದು ಅಳತೆ ಇದೆ. 0ಯಿಂದ 7ರವರೆಗೆ. 0 ಅಂದರೆ ನೀರು, 7 ಅಂದರೆ ಮಾಮೂಲಿ ಊಟ. ಅಮ್ಮ ಮೊದಲು 4ರಲ್ಲಿದ್ದಳು, ಅಂದರೆ ಪೂರ್ತಿ ನುಣ್ಣಗಿನ ಊಟ. ಈಗ 5, ಸಣ್ಣಗೆ ಮಾಡಿದ ತೇವದ ಊಟ. ದೊಡ್ಡ ಯಂತ್ರ ಏನೂ ಬೇಡ, ಒಂದು ಫೋರ್ಕು, ಒಂದು ಚಮಚ ಸಾಕು. 4ರ ಊಟವನ್ನು ಚಮಚದಲ್ಲಿ ತೆಗೆದು ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ಚಮಚಕ್ಕೆ ಅಂಟಿಕೊಂಡರೆ ಅದು ಗಂಟಲಿಗೂ ಅಂಟುತ್ತದೆ. 5ರಲ್ಲಿ ದೊಡ್ಡವರಿಗೆ ಚೂರುಗಳು 4 ಮಿಲಿಮೀಟರ್ ಮೀರಬಾರದು. ಸಾಮಾನ್ಯ ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಅಳೆಯಲು ಸುಲಭ. ನಮ್ಮ ಅಡುಗೆಮನೆಯಲ್ಲಿ ಫೋರ್ಕ್ ಇದ್ದದ್ದು ಮಕ್ಕಳ ಮ್ಯಾಗಿಗೆ. ಈಗ ಅದಕ್ಕೆ ಬಡ್ತಿ ಸಿಕ್ಕಿದೆ.

ಈ ಹದ ಗೊತ್ತಾದ ಮೇಲೆ ನಾನು ಹಬ್ಬದ ಅಡುಗೆಯನ್ನು ಉಲ್ಟಾ ಯೋಚಿಸಲು ಶುರು ಮಾಡಿದೆ. ಅಡುಗೆ ಎಲ್ಲ ಆದ ಮೇಲೆ ಇದರಲ್ಲಿ ಅಮ್ಮನಿಗೆ ಯಾವುದು ಆಗುತ್ತದೆ ಅಂತ ಹುಡುಕುವುದಿಲ್ಲ. ಮೊದಲು ಅಮ್ಮನ ಎಲೆ. ಅದರಲ್ಲಿ ಇರುವುದು ಎಲ್ಲರ ಎಲೆಯಲ್ಲೂ ಇರಬೇಕು, ನಮಗೆ ಹೋಳು ಹೋಳಾಗಿ, ಅವಳಿಗೆ ಸಣ್ಣಗೆ. ಮಂಗಳೂರು ಸೌತೆಯ ಹುಳಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೌತೆ ಮಾಟುಂಗಾ ಮಾರ್ಕೆಟಲ್ಲಿ ಸಿಗುತ್ತದೆ, ಹಲಸಿನ ಎಲೆಯೂ ಅಲ್ಲೇ. ಹೋಳು ಮೆತ್ತಗೆ ಬೆಂದಿರುತ್ತದೆ, ಮಸಾಲೆ ಹೇಗೂ ಅರೆದದ್ದು. ಅಮ್ಮನ ಪಾಲನ್ನು ಒಗ್ಗರಣೆ ಹಾಕುವ ಮೊದಲೇ ತೆಗೆದು ಅರೆಯಬೇಕು, ಆಮೇಲೆ ಒಗ್ಗರಣೆಯ ಎಣ್ಣೆಯನ್ನು ಮಾತ್ರ ಸೋಸಿ ಹಾಕಬೇಕು. ಸಾಸಿವೆ, ಕರಿಬೇವು ಬೇಡ, ಘಮ ಬೇಕು. ಕೊಟ್ಟೆ ಕಡುಬು ಹಲಸಿನೆಲೆಯ ವಾಸನೆ ಹೊತ್ತು ಬರುತ್ತದೆ. ಅದನ್ನು ಪುಡಿ ಮಾಡಿ ದಪ್ಪ ತೊವ್ವೆಯಲ್ಲಿ ನೆನೆಸಿ ಕಿವುಚಿದರೆ ಅಮ್ಮ ತಿನ್ನುತ್ತಾಳೆ. ಒಣ ಕಡುಬು ಹಾಗೇ ಕೊಡುವಂತಿಲ್ಲ. ಬಾಯಿಗೆ ಹೋಗುವ ಮೊದಲು ಇಡೀ ಕಡುಬನ್ನು ಎಲೆಯ ಸಮೇತ ಅವಳ ಮೂಗಿನ ಹತ್ತಿರ ಹಿಡಿಯುತ್ತೇನೆ. ಏನು ತಿನ್ನುತ್ತಿದ್ದೇನೆ ಅಂತ ಗೊತ್ತಾಗಬೇಕಲ್ವಾ. ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಒಂದೇ ಬಣ್ಣದ ಮುದ್ದೆ ಮಾಡಿ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಬೇರೆ ಬೇರೆ ಅರೆಯಿರಿ, ಜಾರ್ ತೊಳೆಯುವ ಕೆಲಸ ಜಾಸ್ತಿ ಆಗುತ್ತದೆ ಅಷ್ಟೇ.

ಮೋದಕದ ಹೊರಗಿನ ಅಕ್ಕಿಹಿಟ್ಟು ಅಂಟು. ಅದು ಬೇಡ. ಹೂರಣದ ಕಾಯಿಯನ್ನು ಹಾಲು ಸೇರಿಸಿ ಬೆಣ್ಣೆಯಂತೆ ಅರೆದು ಕೊಡುತ್ತೇನೆ. ಚಕ್ಕುಲಿ, ಕೋಸಂಬರಿಗೆ ಉಪಾಯವೇ ಇಲ್ಲ, ಬಿಟ್ಟೆ. ಚಕ್ಕುಲಿ ನೋಡಿ ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ. ಅದಕ್ಕೆ ಊಟದ ಹೊತ್ತಿಗೆ ಚಕ್ಕುಲಿ ಬಡಿಸುವುದೇ ಇಲ್ಲ. ಹೋಗುವಾಗ ಎಲ್ಲರ ಕೈಗೂ ಪ್ಯಾಕೆಟ್. ಮನೆಯಲ್ಲಿ ಕರಿಯುವುದೂ ಇಲ್ಲ, ಅಂಗಡಿಯಿಂದ ತರುತ್ತೇವೆ. ಎಲ್ಲ ಮನೆಯಲ್ಲೇ ಆಗಬೇಕು ಅನ್ನುವ ಹಟ ನನಗಿಲ್ಲ, ಹಟ ಇರುವವರು ಬಂದು ಕರಿಯಬಹುದು.

ಎಲೆಯಲ್ಲೂ ಒಂದು ವಿಷಯ ಇದೆ. ಬಲ ಮೆದುಳಿನ ಸ್ಟ್ರೋಕಿನಲ್ಲಿ ಕೆಲವರಿಗೆ ಎಡಗಡೆ ಅನ್ನುವುದು ಗಮನಕ್ಕೇ ಬರುವುದಿಲ್ಲ. ಕಣ್ಣು ಸರಿ ಇರುತ್ತದೆ, ಆದರೆ ಆ ಕಡೆ ಏನೋ ಇದೆ ಅಂತ ತಲೆಗೆ ಹೊಳೆಯುವುದಿಲ್ಲ. ಅಮ್ಮ ಬಲ ಅರ್ಧ ಖಾಲಿ ಮಾಡಿ "ಮುಗೀತು" ಅಂತ ಕೈ ತೊಳೆಯಲು ಹೊರಡುತ್ತಿದ್ದಳು, ಎಡ ಅರ್ಧ ಹಾಗೇ ತುಂಬಿರುತ್ತಿತ್ತು. ಊಟ ಸೇರುತ್ತಿಲ್ಲ ಅಂತ ನಾವೆಲ್ಲ ಚಿಂತೆ ಮಾಡಿದ್ದೇ ಮಾಡಿದ್ದು. ಈಗ ಅವಳ ಎಲೆಯಲ್ಲಿ ಬಡಿಸುವ ಸಂಪ್ರದಾಯ ಬದಲು. ಎಲ್ಲ ಬಲಕ್ಕೆ, ಹತ್ತಿರ ಹತ್ತಿರ. ಎಲೆಯನ್ನು ಅಂಚಿರುವ ತಟ್ಟೆಯೊಳಗೆ ಕತ್ತರಿಸಿ ಇಡುತ್ತೇವೆ, ಒಂದೇ ಕೈಯಲ್ಲಿ ತಿನ್ನುವಾಗ ಜಾರಬಾರದು. ಅಮ್ಮ ತಾನೇ ತಿನ್ನುತ್ತಾಳೆ, ಅದರಲ್ಲಿ ರಾಜಿ ಇಲ್ಲ. ಎಡ ಕೆನ್ನೆಯೊಳಗೆ ತುತ್ತು ಸಿಕ್ಕಿಕೊಂಡು ಉಳಿಯುತ್ತದೆ, ಅದೂ ಅವಳಿಗೆ ಗೊತ್ತಾಗುವುದಿಲ್ಲ. ಊಟ ಆದ ಮೇಲೆ ಬಾಯಿ ತೆಗೆಸಿ ನೋಡಲೇಬೇಕು.

ನೆಲದ ಮೇಲೆ ಪಂಕ್ತಿ ಹಾಕುವುದನ್ನು ನಿಲ್ಲಿಸಿದೆವು. ಅಮ್ಮ ಮಾತ್ರ ಕುರ್ಚಿಯಲ್ಲಿ, ಉಳಿದವರು ಕೆಳಗೆ ಅಂದರೆ ಅವಳು ನೋಡುವುದು ಬರೀ ತಲೆಗಳನ್ನು. ಸೊಸೈಟಿಯ ಮಡಚುವ ಮೇಜು ತಂದು ಎಲ್ಲರಿಗೂ ಅಲ್ಲೇ ಎಲೆ. ಮಡಿಯ ಮಾತು ಎತ್ತಿದವರು ಒಬ್ಬರಿದ್ದರು, ಅವರಿಗೂ ಮಂಡಿ ನೋವು, ಕೂತ ಮೇಲೆ ಸುಮ್ಮನಾದರು.

ಹಬ್ಬಕ್ಕೆ ಒಂದು ವಾರ ಮೊದಲು ಕುಟುಂಬದ ವಾಟ್ಸಾಪ್ ಗ್ರೂಪಿಗೆ ನಾನು ಹಾಕುವ ಮೆಸೇಜ್ ಇದು. ಬೇಕಾದವರು ಕದಿಯಬಹುದು.

"ಚೌತಿಗೆ ಎಲ್ಲರೂ ಬನ್ನಿ, ಬೇಗ ಬನ್ನಿ. 12 ಗಂಟೆಗೆ ಎಲೆ ಹಾಕುತ್ತೇವೆ, ಯಾರಿಗೂ ಕಾಯುವುದಿಲ್ಲ. ಅಮ್ಮನಿಗೆ ನೀವಾಗಿ ಏನೂ ಕೊಡಬೇಡಿ, ನೀರು ಕೂಡ. ಅವಳೇ ಕೇಳಿದರೂ ನನ್ನನ್ನೋ ಅಕ್ಕನನ್ನೋ ಕರೆಯಿರಿ. ಊಟ ಮಾಡುವಾಗ ಅವಳನ್ನು ಮಾತಾಡಿಸಬೇಡಿ, ಆಮೇಲೆ ಎಷ್ಟು ಬೇಕಾದರೂ ಹರಟಿ. ನಿಮಗೆ ಯಾವುದಾದರೂ ಆಗುವುದಿಲ್ಲ ಅಂತಿದ್ದರೆ ಇವತ್ತೇ ಹೇಳಿ. ಸ್ವೀಟ್ ಬಾಕ್ಸ್ ಬೇಡ. ಏನಾದರೂ ತರಲೇಬೇಕು ಅಂದರೆ ಹೂ ತನ್ನಿ."

"ಇಷ್ಟೆಲ್ಲ ರೂಲ್ಸ್ ಇದ್ದರೆ ಹೋಟೆಲಿಗೆ ಹೋಗುವುದೇ ವಾಸಿ" ಅಂತ ಉತ್ತರ ಹಾಕಿದ ಮಾವ ಎಲ್ಲರಿಗಿಂತ ಮೊದಲು ಬಂದು ಕೂತರು.

ಆ ಮೆಸೇಜಿನಿಂದ ಆದ ದೊಡ್ಡ ಲಾಭ ಅಂದರೆ, ಉಳಿದವರ ಕತೆಗಳೂ ಹೊರಬಂದವು. ಎಲೆ ಮುಂದೆ ಕೂತ ಮೇಲೆ ಯಾರೂ ಹೇಳುವುದಿಲ್ಲ, ನಾಚಿಕೆ. ಮುಲುಂಡಿನ ಚಿಕ್ಕಪ್ಪನಿಗೆ ವಾರಕ್ಕೆ 3 ಸಲ ಡಯಾಲಿಸಿಸ್. ಅವರಿಗೆ ಪೊಟ್ಯಾಸಿಯಂ ಲೆಕ್ಕ, ನೀರಿನ ಲೆಕ್ಕ. ಕುಡಿಯುವ ನೀರು ಮಾತ್ರ ಲೆಕ್ಕ ಅಂದುಕೊಳ್ಳಬೇಡಿ, ಸಾರು, ಪಾಯಸ, ಮಜ್ಜಿಗೆ ಎಲ್ಲ ನೀರೇ. ಅಮ್ಮನ ರಸಾಯನ ಅವರಿಗೆ ಆಗುವುದಿಲ್ಲ, ಬಾಳೆಹಣ್ಣಲ್ಲಿ ಪೊಟ್ಯಾಸಿಯಂ ಜಾಸ್ತಿ. ಎಳನೀರು ಅಂತೂ ಬೇಡವೇ ಬೇಡ. ತರಕಾರಿಯನ್ನು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಕಮ್ಮಿ ಆಗುತ್ತದೆ, ಹಾಗೆ ಮಾಡಿ ಅವರ ಪಲ್ಯ ಬೇರೆ ತೆಗೆದೆವು. ಉಪ್ಪು ಕಮ್ಮಿ ಇರಲಿ ಅಂತ ಯಾರೋ ಲೋ ಸೋಡಿಯಂ ಉಪ್ಪು ತಂದುಕೊಟ್ಟಿದ್ದರು. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡ್. ಬಿಪಿ ಇರುವ, ಕಿಡ್ನಿ ಗಟ್ಟಿ ಇರುವವರಿಗೆ ಸರಿ, ಚಿಕ್ಕಪ್ಪನಂಥವರಿಗೆ ಅದು ವಿಷವೇ. ಇನ್ನೊಂದು, ಕರಾವಳಿಯವರು ಕಿವಿಗೊಟ್ಟು ಕೇಳಿ: ದಾರೆಹುಳಿಯ (ಸ್ಟಾರ್ ಫ್ರೂಟ್) ಗೊಜ್ಜು, ಬಿಂಬುಳಿಯ ಉಪ್ಪಿನಕಾಯಿ ಊರಿಂದ ಡಬ್ಬದಲ್ಲಿ ಬರುತ್ತದಲ್ಲ, ಕಿಡ್ನಿ ತೊಂದರೆ ಇರುವವರ ಎಲೆಗೆ ಅವು ಬೀಳಬಾರದು. ದಾರೆಹುಳಿಯಲ್ಲಿರುವ ಒಂದು ವಿಷವನ್ನು ಅವರ ಕಿಡ್ನಿಗೆ ಹೊರಹಾಕಲು ಆಗುವುದಿಲ್ಲ, ಅದು ನೇರ ಮೆದುಳಿಗೆ ತಾಗುತ್ತದೆ. ಬಿಂಬುಳಿಯಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕಿಡ್ನಿಗೇ ಪೆಟ್ಟು. ಕೇರಳದಲ್ಲಿ ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟವರ ಬಗ್ಗೆ ವೈದ್ಯರು ವರದಿ ಮಾಡಿದ್ದಾರೆ.

ಅಕ್ಕನ ಮಗಳಿಗೆ ಗೇರುಬೀಜದ ಅಲರ್ಜಿ. ಇದಕ್ಕೆ ಪರ್ಯಾಯ, ಬೇರೆ ಸೌಟು ಇತ್ಯಾದಿ ತಲೆಬಿಸಿಯೇ ಬೇಡ ಅಂತ ಆ ದಿನ ಮನೆಗೇ ಗೇರುಬೀಜ ತರುವುದಿಲ್ಲ. ಸ್ವೀಟ್ ಬಾಕ್ಸ್ ಬೇಡ ಅಂದದ್ದು ಅದಕ್ಕೇ. ಕೆಳಗಿನ ಮನೆಯ ಮರಾಠಿ ಕಾಕೂನ ಮೊಮ್ಮಗನಿಗೆ ಗೋಧಿ ಆಗುವುದಿಲ್ಲ, ಸೀಲಿಯಾಕ್. ನಮ್ಮದು ಅಕ್ಕಿಯ ಅಡುಗೆ, ಏನೂ ತೊಂದರೆ ಇಲ್ಲ ಅಂದೆ. ಕಾಕೂ ಕೇಳಿದ್ದು ಒಂದೇ ಪ್ರಶ್ನೆ, "ಹಿಂಗ್ ಯಾವುದು?" ಡಬ್ಬ ತಿರುಗಿಸಿ ಓದಿದರೆ ನಿಜ, ಅಂಗಡಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಮೈದಾ ಬೆರೆಸಿರುತ್ತಾರೆ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಹುಡುಕಿ ತಂದೆ.

ಭಾವ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರ ಸಮಸ್ಯೆ ಸಿಹಿಗಿಂತ ಹೆಚ್ಚಾಗಿ ಭಟ್ಟರದು. ಚೌತಿ ದಿನ ಮುಂಬೈಯಲ್ಲಿ ಭಟ್ಟರು 9ಕ್ಕೆ ಬರುತ್ತೇನೆ ಅಂದರೆ ಇನ್ನೂ ನಾಲ್ಕು ಮನೆ ಮುಗಿಸಿ ಬರುತ್ತಾರೆ, ಊಟ 2 ಗಂಟೆ ಆಗುತ್ತದೆ. ಇನ್ಸುಲಿನ್ ಹಾಕಿಕೊಂಡು ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ, ತಲೆ ತಿರುಗುವುದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಭಾವನದು ಊಟಕ್ಕೆ ಕೂರುವಾಗ ಹಾಕಿಕೊಳ್ಳುವ ಬಗೆಯದು. ಎಲೆಗೆ ಅನ್ನ ಬೀಳುವ ತನಕ ಸೂಜಿ ಮುಟ್ಟುವಂತಿಲ್ಲ ಅಂತ ಅಕ್ಕನ ಕಟ್ಟಪ್ಪಣೆ. ಭಟ್ಟರಿಗೆ ನಾವು ಕಾಯುವುದನ್ನೂ ಬಿಟ್ಟೆವು. ಪೂಜೆ ನಾನೇ ಮಾಡುತ್ತೇನೆ, ಪುಸ್ತಕ ನೋಡಿಕೊಂಡು. ಉಚ್ಚಾರ ತಪ್ಪಿದರೆ ಅಮ್ಮ ತೊದಲುತ್ತಲೇ ತಿದ್ದುತ್ತಾಳೆ.

ಅಮ್ಮನಿಗೆ ಎಲ್ಲರಿಗಿಂತ ಸ್ವಲ್ಪ ಮೊದಲೇ ಬಡಿಸುತ್ತೇವೆ, ಅವಳಿಗೆ ನಿಧಾನ. ಟಿವಿ ಬಂದ್, ಬೀದಿ ಕಡೆಯ ಕಿಟಕಿ ಬಂದ್. ಕೆಳಗೆ ಢೋಲ್ ತಾಶಾ ಶುರುವಾದರೆ ಬೆಚ್ಚಿಬೀಳುತ್ತಾಳೆ, ಬಾಯಲ್ಲಿ ತುತ್ತಿರುವಾಗ ಅದು ಒಳ್ಳೆಯದಲ್ಲ. ನೆಟ್ಟಗೆ ಕೂರಿಸುವುದು, ಬೆನ್ನಿಗೆ ದಿಂಬು, ಸಣ್ಣ ಚಮಚ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಊಟ ಆದ ಮೇಲೆ ಎಲ್ಲರೂ ಚಾಪೆ ಹಾಸಿ ಉರುಳುತ್ತಾರೆ. ಅಮ್ಮನಿಗೆ ಮಾತ್ರ ಅರ್ಧ ಗಂಟೆಯಾದರೂ ಕೂತೇ ಇರಬೇಕು. ಆ ಅರ್ಧ ಗಂಟೆ ಹರಟೆಗೆ ಅಂತಲೇ ದೊಡ್ಡಮ್ಮನನ್ನು ಅವಳ ಎದುರು ಕೂರಿಸುತ್ತೇವೆ. ಊರಿನ ಸುದ್ದಿ ಇದ್ದರೆ ಅರ್ಧ ಗಂಟೆ ಸಾಲುವುದಿಲ್ಲ.

ಕೆಮ್ಮು ಬಂದರೆ ನಮ್ಮವರು ಮಾಡುವುದು ಎರಡೇ. ನೆತ್ತಿ ತಟ್ಟುತ್ತಾ "ಯಾರೋ ನೆನೆಸ್ಕೊಂಡ್ರು" ಅನ್ನುವುದು, ನೀರಿನ ಲೋಟ ಬಾಯಿಗಿಡುವುದು. ನೆತ್ತಿ ತಟ್ಟಿದರೆ ಉಪಯೋಗ ಇಲ್ಲ. ನೀರು ಕೊಟ್ಟರೆ ಅಮ್ಮನಂಥವರಿಗೆ ಇನ್ನೂ ಕೇಡು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದೇ ಒಳ್ಳೆಯದು. ಕೆಮ್ಮಲೂ ಆಗದೆ, ದನಿಯೂ ಬರದೆ, ಉಸಿರು ಸಿಕ್ಕಿಕೊಂಡರೆ ಮುಂದಕ್ಕೆ ಬಗ್ಗಿಸಿ ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಬೇಕು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಗಡೆ ಮುಷ್ಟಿ ಇಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಹೀಗೆ ಒಂದಾದ ಮೇಲೊಂದು, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಬೇಕು. ಇದನ್ನು ಅಕ್ಕ, ಭಾವ, ನನ್ನ ಹೆಂಡತಿ, ಎಲ್ಲರೂ ಕಲಿತಿದ್ದಾರೆ. ಹಬ್ಬದ ದಿನ ಹೊಣೆ ಒಬ್ಬರ ಮೇಲೆಯೇ ಇರಬಾರದು. ಪಾಳಿ ಇದೆ. ಅಮ್ಮ ಊಟ ಮಾಡುವಾಗ ಅಕ್ಕ ಪಕ್ಕದಲ್ಲಿ, ನಾನು ಬಡಿಸುವ ಕಡೆ. ಆಮೇಲೆ ನಾನು ಉಣ್ಣುವಾಗ ಭಾವ. ಬಿಸಿ ಅನ್ನ, ಬಿಸಿ ಹುಳಿಯನ್ನು ಎದ್ದು ಓಡದೆ ಕೂತು ಉಣ್ಣುವುದು ನೋಡಿಕೊಳ್ಳುವವನಿಗೂ ಹಬ್ಬವೇ.

ದೀಪಾವಳಿ ಈ ಸಲ ಥಾಣೆಯಲ್ಲಿ ಅಕ್ಕನ ಮನೆಯಲ್ಲಿ. ಅವರ ಕಟ್ಟಡಕ್ಕೆ ಲಿಫ್ಟ್ ಇದೆ, ಆದರೆ ಗೇಟಿನಿಂದ ಲಿಫ್ಟಿನವರೆಗೆ ಮೂರು ಮೆಟ್ಟಿಲು. ಗಾಲಿಕುರ್ಚಿ ಎತ್ತಲು ವಾಚ್‌ಮನ್‌ಗೆ ಮೊದಲೇ ಹೇಳಿಡಲು ಭಾವನಿಗೆ ಒಪ್ಪಿಸಿದ್ದೇನೆ. ಇಲ್ಲಿಂದ ಹೋಗುವುದು ಮಿಕ್ಸಿಯ ಸಣ್ಣ ಜಾರ್, ನೀರು ದಪ್ಪ ಮಾಡುವ ಪುಡಿ, ಅಂಚಿನ ತಟ್ಟೆ, ಮತ್ತೆ ಆ ಫೋರ್ಕು.